‘ಇಂದ’ ಬರೆಯದ ಲಕೋಟೆಗಳು

ಪುತ್ತಿಗೆ
18 ನವೆಂಬರ್ 2024

ನಿತೇಶನಿಗೆ,

ಪ್ರೀತಿಯ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯುತ್ತೇನೆ.

ನಿನ್ನನ್ನು ಬಿ.ಸಿ.ರೋಡಿನಲ್ಲಿ ಕೇಸಿನ ಮಕ್ಕಳನ್ನಿಡುವ ಆ ವೀಕ್ಷಣಾಲಯಕ್ಕೆ ಸೇರಿಸಿ ಒಂಬತ್ತು ದಿನ ಆಯಿತು. ಒಂಬತ್ತು ದಿನವೂ ನಾನು ಶಾಲೆಗೆ ಹೋಗಿ, ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ, ಉಳಿದ ಟೀಚರುಗಳ ಜೊತೆ ಕೂತು ಬುತ್ತಿ ಉಂಡು ಬಂದಿದ್ದೇನೆ. ಯಾರಾದರೂ ಹಿಂದಿನಿಂದ "ದೀಕ್ಷಿತಾ ಟೀಚರ್" ಎಂದು ಕರೆದರೆ, ವಿಷಯ ಗೊತ್ತಾಯಿತೇನೋ ಎಂದುಕೊಂಡೇ ತಿರುಗುತ್ತೇನೆ. ನಾನು ಅತಿಥಿ ಶಿಕ್ಷಕಿ ಮಾರಾಯ. ನಾಳೆಯಿಂದ ಬರಬೇಡಿ ಎನ್ನಲು ಅವರಿಗೆ ಒಂದು ಕಾರಣವೂ ಬೇಡ. ತಮ್ಮ ಕಳ್ಳತನದ ಕೇಸಿನಲ್ಲಿ ಒಳಗಿದ್ದಾನೆ ಎಂದರೆ ಕೇಳಬೇಕೇ?

ಹತ್ತನೇ ಕ್ಲಾಸಿನ ಹುಡುಗನಿಗೆ ಕಂಡವರ ರಬ್ಬರ್ ಶೀಟು ಯಾಕೆ ಬೇಕಿತ್ತು? ಉಜ್ವಲ್, ಮನ್ವಿತ್ ಇಬ್ಬರೂ ಇಪ್ಪತ್ತೆರಡು ವರ್ಷದ ಕೋಣಗಳು. ಅವರು ಬಾ ಎಂದರೆ ನೀನು ಪಿಕಪ್ಪಿನ ಹತ್ತಿರ ಕಾವಲು ನಿಲ್ಲುವುದೇ? ವಾಚ್‌ಮನ್ ಸುಬ್ಬಯ್ಯಣ್ಣ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಅವರನ್ನು ದೂಡಿದ್ದು ನೀನಲ್ಲ ಎಂದು ನೀನು ಅಮ್ಮನ ತಲೆ ಮುಟ್ಟಿ ಹೇಳಿದೆ. ನಾನು ನಂಬಿದ್ದೇನೆ. ಆದರೆ ಅವರಿಬ್ಬರೂ ಜಾಮೀನು ತೆಗೆದುಕೊಂಡು ಊರಲ್ಲೇ ತಿರುಗುತ್ತಿದ್ದಾರೆ. ಅದಕ್ಕೇ ನಿನ್ನನ್ನು ಈಗ ಮನೆಗೆ ಬಿಡುವುದು ಕ್ಷೇಮವಲ್ಲ ಎಂದು ಬಾಲ ನ್ಯಾಯ ಮಂಡಳಿಯ ಮೇಡಂ ಹೇಳಿದ್ದು.

ಪೊಲೀಸರು ಮಫ್ತಿಯಲ್ಲಿ ಬಂದದ್ದು, ಪೇಪರಿನಲ್ಲಿ ನಿನ್ನ ಹೆಸರು ಬಾರದಿದ್ದದ್ದು ನಮ್ಮ ಪುಣ್ಯ. ನೀನು ಮುಂಬೈಗೆ ದಯಾನಂದ ಮಾವನ ಹೋಟೆಲಿಗೆ ಹೋಗಿದ್ದೀಯ, ಅಲ್ಲೇ ಶಾಲೆಗೆ ಸೇರಿದ್ದೀಯ ಎಂದು ಊರಲ್ಲಿ ಹೇಳಿದ್ದೇವೆ. ಮುಂಬೈ ಎಂದರೆ ನಮ್ಮ ಕಡೆಯವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ಶಾಲೆಯ ವಿಷಯವನ್ನೂ ನಾನು ನೋಡಿಕೊಂಡಿದ್ದೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಫೋನು ವಾರಕ್ಕೆ ಐದೇ ನಿಮಿಷವಂತೆ. ಅದನ್ನು ಅಮ್ಮನಿಗೆ ಬಿಡುವ. ನನಗೆ ಕಾಗದ ಬರೆ. ಆದರೆ ಲಕೋಟೆಯ ಮೇಲೆ ‘ಇಂದ’ ಎಂದು ಏನನ್ನೂ ಬರೆಯಬೇಡ. ಇಲ್ಲಿ ಪೋಸ್ಟ್‌ಮ್ಯಾನ್ ಕೈಯಿಂದ ಕಾಗದ ತೆಗೆದುಕೊಳ್ಳುವುದು ನಾನು ಬಾಡಿಗೆಗಿರುವ ಮನೆಯ ಯಜಮಾನಿ ಶಶಿಪ್ರಭಾ ಅಮ್ಮ. ಅವರು ಮೊದಲು ಓದುವುದೇ ಅದನ್ನು.

ಅಕ್ಕ

•

ವೀಕ್ಷಣಾಲಯ, ಬಿ.ಸಿ.ರೋಡ್
27 ನವೆಂಬರ್ 2024

ಅಕ್ಕನಿಗೆ ನಮಸ್ಕಾರ.

ನೀನು ಹೇಳಿದ ಹಾಗೆ ಲಕೋಟೆಯ ಮೇಲೆ ಏನೂ ಬರೆದಿಲ್ಲ. ಇಲ್ಲಿಂದ ಹೋಗುವ ಕಾಗದವನ್ನು ದೊಡ್ಡ ಸರ್ ಓದಿಯೇ ಕಳಿಸುವುದು. "‘ಇಂದ’ ಇಲ್ಲದಿದ್ರೆ ಇದು ವಾಪಸ್ ಎಲ್ಲಿಗೆ ಬರುವುದು ಮಾರಾಯ?" ಎಂದು ಕೇಳಿದರು. ವಾಪಸ್ ಬರುವುದು ಬೇಡ ಸರ್ ಎಂದೆ.

ಇಲ್ಲಿ ಎಲ್ಲ ಚೆನ್ನಾಗಿ ಉಂಟು. ದಿನಾ ಪಾಠ ಆಗುತ್ತದೆ. ಹತ್ತು ಗಂಟೆಗೆ ಹಾಜರಿ ಕರೆಯುತ್ತಾರೆ, ಎಲ್ಲರೂ ಇದ್ದೇವೆ ಎನ್ನುತ್ತೇವೆ. ಇಲ್ಲದೆ ಎಲ್ಲಿಗೆ ಹೋಗುವುದು! ಊಟ ಪರವಾಗಿಲ್ಲ. ಪಕ್ಕದ ಚಾಪೆಯಲ್ಲಿ ಅಝೀಮ್ ಎಂಬ ಹುಡುಗ ಇದ್ದಾನೆ, ಒಳ್ಳೆಯವನು.

ಹಿಂದಿನ ಗೋಡೆಯಾಚೆ ರಸ್ತೆ. "ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ" ಎಂದು ಕಂಡಕ್ಟರ್ ಕೂಗುವುದು ಕಾಲು ಗಂಟೆಗೊಮ್ಮೆ ಕೇಳುತ್ತದೆ. ಮೊದಲ ದಿನ ನಮ್ಮೂರಿನ ಬಸ್ಸಿನ ಕೂಗು ಕೇಳಿ ನಾನು ಬ್ಯಾಗು ಹುಡುಕುತ್ತಾ ಎದ್ದು ನಿಂತುಬಿಟ್ಟೆ. ಎಲ್ಲರೂ ನಕ್ಕರು.

ನನ್ನ ಗಣಿತ ಪುಸ್ತಕ ಕಳಿಸು. ಪರೀಕ್ಷೆಗೆ ಹೆಸರು ಕಟ್ಟಿ ಆಗಿದೆಯಲ್ಲ, ಹಾಲ್ ಟಿಕೆಟ್ ಬಂದಾಗ ಹೆಡ್‌ಮಾಸ್ಟರ್ ನಿನ್ನ ಕೈಗೆ ಕೊಟ್ಟಾರು. ಎಸ್ಸೆಸ್ಸೆಲ್ಸಿ ಒಂದು ಆದರೆ ಐ.ಟಿ.ಐ.ಗಾದರೂ ಸೇರಬಹುದು ಅಕ್ಕ. ಇಲ್ಲಿ ಎರಡು ಸಲ, ಮೂರು ಸಲ ಬಂದ ಹುಡುಗರು ಇದ್ದಾರೆ. ಅವರಲ್ಲಿ ಒಬ್ಬನೂ ಹತ್ತು ಪಾಸಾದವನಲ್ಲ. ನನಗೆ ಅದನ್ನು ನೋಡಿಯೇ ಹೆದರಿಕೆ.

ನಿತೇಶ್

•

ಪುತ್ತಿಗೆ
15 ಡಿಸೆಂಬರ್ 2024

ಪ್ರೀತಿಯ ತಮ್ಮ (ನೋಡು, ಬಂತು),

ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು. ಆದರೂ ‘ದಿನಾ ಪಾಠ ಆಗುತ್ತದೆ’ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಸರ್ಕಾರದ ಸುಪರ್ದಿಯಲ್ಲಿರುವ ಮಕ್ಕಳ ಓದು ಸರ್ಕಾರದ್ದೇ ಹೊಣೆ ಎಂದು ಬಿ.ಇಡಿ.ಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಪುಸ್ತಕದ ಬದನೆಕಾಯಿ ಎಂದುಕೊಂಡಿದ್ದೆ. ಈಗ ಮನಸ್ಸಿಗೆ ಎಷ್ಟು ಹಗುರವಾಯಿತು ಎಂದರೆ, ಆ ದಿನ ಎರಡು ಹೋಳಿಗೆ ಜಾಸ್ತಿ ತಿಂದೆ. ಪಾಠ ಮಾಡುವವರು ಪರೀಕ್ಷೆಗೂ ಕೂರಿಸಿಯೇ ಕೂರಿಸುತ್ತಾರೆ. ಹಾಲ್ ಟಿಕೆಟ್ಟಿನ ಯೋಚನೆ ನಿನಗೆ ಬೇಡ.

ಅಮ್ಮ ನಿನ್ನನ್ನು ನೋಡಲು ಬರುವ ದಿನ ಊರಲ್ಲಿ "ಪೊಳಲಿಗೆ ಹೋಗಿ ಬರ್ತೇನೆ" ಎಂದು ಹೇಳಿ ಹೊರಡುತ್ತಾಳೆ. ಹೇಳಿದ್ದು ಸುಳ್ಳಾಗಬಾರದೆಂದು ನಿನ್ನನ್ನು ನೋಡಿದ ಮೇಲೆ ನಿಜವಾಗಿಯೂ ಪೊಳಲಿಗೆ ಹೋಗಿ ಪ್ರಸಾದ ತರುತ್ತಾಳೆ. ಸೇಸಮ್ಮನಿಗೆ ಈಚೆಗೆ ಭಕ್ತಿ ಜಾಸ್ತಿಯಾಗಿದೆ ಎಂದು ನೆರೆಕರೆಯವರು ಹೊಗಳುತ್ತಿದ್ದಾರಂತೆ.

ಅಜ್ಜ ಚೆನ್ನಾಗಿದ್ದಾರೆ. ಒಂದು ಮಾತು. ನೆಂಟರು ಎಂದು ಹೇಳಿಕೊಂಡು ಯಾರಾದರೂ ನಿನ್ನನ್ನು ನೋಡಲು ಬಂದರೆ ಹೋಗಬೇಡ. ಹೀಗೇ ಸುಮ್ಮನೆ ಹೇಳಿದೆ.

ಗಣಿತ ಪುಸ್ತಕ, ಎರಡು ಪೆನ್ನು ಇದರ ಜೊತೆ ಉಂಟು.

ಅಕ್ಕ

•

ವೀಕ್ಷಣಾಲಯ, ಬಿ.ಸಿ.ರೋಡ್
6 ಜನವರಿ 2025

ಅಕ್ಕನಿಗೆ,

ಪುಸ್ತಕ ಆಫೀಸಿಗೆ ಮುಟ್ಟಿದೆ. ಪಾಠ ಚೆನ್ನಾಗಿ ನಡೆಯುತ್ತದೆ. ನಾನು ಕ್ಷೇಮ.

ನೀನು ಶಾಲೆಗೆ ಯಾವ ಬಸ್ಸಿನಲ್ಲಿ ಹೋಗುವುದು? ಎಂಟು ಹತ್ತರದ್ದಾದರೆ ಅದರಲ್ಲಿ ಹೋಗಬೇಡ. ಬೇರೆ ಬಸ್ಸಿಗೆ ಹೋಗು. ದಿನಾ ಒಂದೇ ಬಸ್ಸು ಬೇಡ. ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು.

ಹಾಲ್ ಟಿಕೆಟ್ ಯಾವಾಗ ಬರುವುದು ಎಂದು ಹೆಡ್‌ಮಾಸ್ಟರರಲ್ಲಿ ಕೇಳಿದೆಯಾ?

ನಿತೇಶ್

•

ವೀಕ್ಷಣಾಲಯ
19 ಜನವರಿ 2025

ಅಕ್ಕ,

ಇದು ಆಫೀಸಿನಿಂದ ಬಂದ ಕಾಗದ ಅಲ್ಲ. ಅಝೀಮನನ್ನು ನಾಳೆ ಬಿಡುತ್ತಾರೆ. ಬಸ್‌ಸ್ಟ್ಯಾಂಡಿನ ಡಬ್ಬಿಗೆ ಹಾಕುತ್ತೇನೆ, ಶರ್ಟಿನ ಒಳಗೆ ಇಟ್ಟು ಕೊಂಡುಹೋಗುತ್ತೇನೆ ಎಂದಿದ್ದಾನೆ. ಆದ್ದರಿಂದ ನಿಜ ಬರೆಯುತ್ತೇನೆ.

ಇಲ್ಲಿ ಪಾಠ ಇಲ್ಲ. ಟೀಚರ್ ಹೋಗಿ ಒಂದು ವರ್ಷದ ಮೇಲಾಯಿತಂತೆ, ಬೇರೆಯವರು ಬಂದಿಲ್ಲ. ಹತ್ತು ಗಂಟೆಗೆ ಹಾಜರಿ ಕರೆದು, ಪುಸ್ತಕದಲ್ಲಿ ‘ಗಣಿತ, ವಿಜ್ಞಾನ’ ಎಂದು ಬರೆದು, ನಮ್ಮನ್ನು ಹಾಲಿನಲ್ಲಿ ಕೂರಿಸುತ್ತಾರೆ. ಒಂದು ಗಂಟೆಯವರೆಗೆ ಸುಮ್ಮನೆ ಕೂರುವುದು. ನೀನು ಕಳಿಸಿದ ಪುಸ್ತಕ ಕಪಾಟಿನಲ್ಲಿ ಬೀಗದ ಒಳಗೆ ಉಂಟು, ಗಾಜಿನಿಂದ ಕಾಣುತ್ತದೆ. ಪೆನ್ನು ಚುಚ್ಚುವ ವಸ್ತುವಂತೆ, ಕೊಡುವುದಿಲ್ಲ. ಕಾಗದ ಬರೆಯುವಾಗ ಮಾತ್ರ ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಾರೆ. ಈ ಪೆನ್ಸಿಲ್ ತುಂಡು ಅಡುಗೆಯವರದ್ದು. ಅಝೀಮನಿಗೆ ಓದು ಬರುತ್ತಿರಲಿಲ್ಲ. ನೆಲದ ಮೇಲೆ ನೀರಿನಲ್ಲಿ ಬರೆದು ಅವನಿಗೆ ಅ ಆ ಇ ಈ ಕಲಿಸಿದೆ. ಒಣಗುವುದರೊಳಗೆ ಓದಬೇಕು. ಈಗ ಬಸ್ಸಿನ ಬೋರ್ಡು ಓದುವಷ್ಟು ಬಂದಿದೆ.

ಬೈಯಬೇಡ. ಸುಳ್ಳು ಬರೆದದ್ದು ದೊಡ್ಡ ಸರ್ ಓದುತ್ತಾರೆ ಎಂಬ ಹೆದರಿಕೆಗೆ. ಆಮೇಲೆ ನೀನು ಖುಷಿಪಟ್ಟೆ ಎಂದು ಬರೆದೆಯಲ್ಲ, ಮತ್ತೆ ನಿಜ ಬರೆಯಲು ಕೈ ಬರಲಿಲ್ಲ.

ಹೊಸ ವರ್ಷದ ಮರುದಿನ ಉಜ್ವಲ್, ಮನ್ವಿತ್ ಬಂದಿದ್ದರು. ಮಾವನ ಮಕ್ಕಳು ಎಂದು ರಿಜಿಸ್ಟರಿನಲ್ಲಿ ಬರೆದು ಒಳಗೆ ಬಂದರು. ನೆಂಟರೆಂದು ಬಂದವರನ್ನು ನೋಡಬೇಡ ಎಂದ ನಿನ್ನ ಕಾಗದ ಅದರ ಮರುದಿನ ನನ್ನ ಕೈಗೆ ಸಿಕ್ಕಿತು. ಚಕ್ಕುಲಿ ತಂದಿದ್ದರು. "ದೂಡಿದ್ದು ನಾನೇ ಅಂತ ನೀನು ಹೇಳು. ನೀನು ಮೈನರ್, ನಿನ್ಗೆ ಏನೂ ಆಗುದಿಲ್ಲ" ಎಂದರು. ಆಗುವುದಿಲ್ಲ ಎಂದೆ. ಆಗ ಉಜ್ವಲ್ ನಗುತ್ತಾ, "ನಿನ್ನ ಅಕ್ಕ ಪುತ್ತಿಗೆಯಲ್ಲಿ ಎಂಟು ಹತ್ತರ ಬಸ್ಸಿಗೆ ಅಲ್ವಾ ಹೋಗುದು? ನೀಲಿ ಕೊಡೆ" ಎಂದ. ಅಷ್ಟೇ ಹೇಳಿದ್ದು. ಚಕ್ಕುಲಿ ಉಳಿದವರೆಲ್ಲ ತಿಂದರು. ನಾನು ತಿನ್ನಲಿಲ್ಲ.

ಮುಂದಿನ ತಿಂಗಳು ಮಂಡಳಿಯ ಮುಂದೆ ನನ್ನನ್ನು ಕೇಳುತ್ತಾರೆ. ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಶಾಲೆಯಲ್ಲಿ ಹೆಸರು ಇದೆಯಲ್ಲ ಎಂಬುದೊಂದೇ ಧೈರ್ಯ. ಇಲ್ಲಿ ಪಾಠ ಆಗದಿದ್ದರೂ ನಾನೇ ಓದಿ ಹೇಗಾದರೂ ಪರೀಕ್ಷೆ ಬರೆಯುತ್ತೇನೆ.

ನಿತೇಶ್

•

ಪುತ್ತಿಗೆ
24 ಜನವರಿ 2025

ನಿತ್ತು,

ಈ ಕಾಗದವನ್ನು ಮೊದಲು ದೊಡ್ಡ ಸರ್ ಓದುತ್ತಾರೆ. ಓದಲಿ. ನಮಸ್ಕಾರ ಸರ್, ನಾನು ಇವನ ಅಕ್ಕ, ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಇಷ್ಟು ದಿನ ಹೆದರಿ ಹೆದರಿ ಬರೆದೆವು, ಅದರ ಫಲ ಈಗ ನೋಡುತ್ತಿದ್ದೇನೆ. ನಾನು ಬರೆಯುವುದರಲ್ಲಿ ಮೊದಲ ತಪ್ಪು ನನ್ನದೇ, ಆದ್ದರಿಂದ ಕೊನೆಯವರೆಗೆ ಓದಿ.

ನಿತ್ತು, ನಿನ್ನ ಹೆಸರು ಶಾಲೆಯಲ್ಲಿ ಇಲ್ಲ.

ನಿನ್ನನ್ನು ಕರೆದುಕೊಂಡು ಹೋದ ಮೂರನೇ ದಿನ ನಾನೇ ಹೋಗಿ ಟಿ.ಸಿ. ತೆಗೆದೆ. ‘ಮಾವನ ಜೊತೆ ಮುಂಬೈಯಲ್ಲಿ ಓದುವ ಕಾರಣ’ ಎಂದು ಅರ್ಜಿ ಬರೆದೆ. ಹಾಜರಿ ಕರೆಯುವಾಗ ದಿನಾ ನಿನ್ನ ಹೆಸರು ಬಂದರೆ ಮಕ್ಕಳು ಎಲ್ಲಿ ಎಂದು ಕೇಳಿಯಾರು, ಒಂದು ದಿನ ಯಾರಾದರೂ ಉತ್ತರ ಹೇಳಿಯಾರು ಎಂಬ ಹೆದರಿಕೆ. ಹೆಡ್‌ಮಾಸ್ಟರರು, "ಪರೀಕ್ಷೆಗೆ ಕಟ್ಟಿ ಆಗಿದೆ, ಈಗ ತೆಗೆದರೆ ಹೆಸರು ಹೋಗ್ತದೆ, ಯೋಚನೆ ಮಾಡಿ" ಎಂದರು. ಅಲ್ಲಿ ಕಟ್ಟುತ್ತಾರೆ ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆಮೇಲೆ ನಿನ್ನ ಕಾಗದ ಬಂತು, ದಿನಾ ಪಾಠ ಎಂದು. ಸರಿ, ಸರ್ಕಾರ ನೋಡಿಕೊಂಡಿತು, ನನ್ನ ತಪ್ಪು ಮುಚ್ಚಿಹೋಯಿತು ಎಂದುಕೊಂಡೆ. ನೀನು ನನ್ನನ್ನು ನಂಬಿ ಕೂತೆ, ನಾನು ನಿನ್ನ ಕಾಗದವನ್ನು ನಂಬಿ ಕೂತೆ. ಮಧ್ಯದಲ್ಲಿ ನಿನ್ನ ಹೆಸರು ಎಲ್ಲೂ ಇಲ್ಲದೆ ಹೋಯಿತು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಅವರಿಬ್ಬರು ಡಿಸೆಂಬರಿನಲ್ಲೇ ಊರಿನ ಮನೆಗೆ ನಮ್ಮ ಅಜ್ಜನ ಹತ್ತಿರ ಬಂದು ಇದೇ ಮಾತು ಆಡಿದ್ದರು. ನಿನಗೆ ಹೆದರಿಕೆಯಾದೀತೆಂದು ಬರೆಯಲಿಲ್ಲ.

ಟಿ.ಸಿ.ಯ ಮೂಲಪ್ರತಿ ನನ್ನ ಪೆಟ್ಟಿಗೆಯಲ್ಲೇ ಉಂಟು, ಎಲ್ಲಿಯೂ ಕೊಟ್ಟಿಲ್ಲ. ನಾಡಿದ್ದು ಊರಿಗೆ ಹೋಗಿ ಹೆಡ್‌ಮಾಸ್ಟರರ ಮುಂದೆ ಇಟ್ಟು, ಯಾಕೆ ಸುಳ್ಳು ಬರೆದೆ ಎಂದೂ ಬರೆದು ಕೊಡುತ್ತೇನೆ. ಮಂಡಳಿಗೂ ಅರ್ಜಿ ಹಾಕುತ್ತೇನೆ. ತಡವಾಯಿತೋ ಏನೋ, ಗೊತ್ತಿಲ್ಲ.

ನೀಲಿ ಕೊಡೆಯನ್ನು ಮನೆಯಲ್ಲೇ ಬಿಟ್ಟಿದ್ದೇನೆ. ಆದರೂ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಎಂದು ತಿರುಗಿ ನೋಡುತ್ತಲೇ ಇರುತ್ತೇನೆ.

ಅಕ್ಕ

•

ಪುತ್ತಿಗೆ
10 ಫೆಬ್ರವರಿ 2025

ನಿತ್ತು,

ಹದಿನೇಳು ದಿನ ಆಯಿತು, ನಿನ್ನಿಂದ ಒಂದು ಗೆರೆ ಇಲ್ಲ. ಕಾಗದ ಸಿಗಲಿಲ್ಲವೋ, ಸಿಕ್ಕಿ ಸಿಟ್ಟು ಬಂತೋ, ನನ್ನ ಕಾಗದದಿಂದ ಅಲ್ಲಿ ನಿನಗೆ ಏನಾದರೂ ಆಯಿತೋ? ಅಮ್ಮ ಬಂದಾಗಲೂ ನೀನು ಸರಿಯಾಗಿ ಮಾತಾಡಲಿಲ್ಲವಂತೆ. ಬೈದಾದರೂ ಬರೆ. ನಿನ್ನ ಬೈಗುಳ ಓದುವುದು ಈ ಸುಮ್ಮನಿರುವಿಕೆಗಿಂತ ಎಷ್ಟೋ ವಾಸಿ.

ಅಕ್ಕ

•

ವೀಕ್ಷಣಾಲಯ, ಬಿ.ಸಿ.ರೋಡ್
9 ಮಾರ್ಚ್ 2025

ಅಕ್ಕನಿಗೆ,

ಸಿಟ್ಟು ಬಂದಿತ್ತು. ಹಾಲಿನಲ್ಲಿ ಕೂತಾಗಲೆಲ್ಲ, ನನ್ನ ಹೆಸರನ್ನು ತೆಗೆದದ್ದು ನನ್ನ ಅಕ್ಕನೇ ಎಂಬುದೇ ನೆನಪಾಗುತ್ತಿತ್ತು. ಬರೆದರೆ ಕೆಟ್ಟದು ಬರೆದೇನು ಎಂದು ಬರೆಯಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಮಂಡಳಿಗೆ ಕರೆದುಕೊಂಡು ಹೋದರು. ನಿನ್ನ ಅರ್ಜಿ ಮೇಜಿನ ಮೇಲಿತ್ತು. ನೀನು ಬರಲಿಲ್ಲ. ಒಳ್ಳೆಯದೇ ಆಯಿತು, ನಿನ್ನ ಕೆಲಸಕ್ಕೆ ತೊಂದರೆ ಬೇಡ. ಮೇಡಂ ಕೇಳಿದರು, "ಈ ಹುಡುಗನ ಓದು ಯಾರ ಜವಾಬ್ದಾರಿ?" ದೊಡ್ಡ ಸರ್, "ಟೀಚರ್ ಹುದ್ದೆ ಖಾಲಿ ಉಂಟು ಮೇಡಂ, ಮೇಲಿನವರಿಗೆ ಬರೆದಿದ್ದೇವೆ" ಎಂದರು. ನಮ್ಮ ಹೆಡ್‌ಮಾಸ್ಟರ್, "ಟಿ.ಸಿ. ಕೊಟ್ಟ ಮೇಲೆ ನಮ್ಮ ಹುಡುಗ ಅಲ್ಲ ಮೇಡಂ" ಎಂದರು. ಶಿಕ್ಷಣ ಇಲಾಖೆಯವರು, "ಒಳಗಿರುವ ಮಕ್ಕಳು ನಮ್ಮ ಇಲಾಖೆಗೆ ಬರುದಿಲ್ಲ" ಎಂದರು.

"ಹಾಗಾದ್ರೆ ಇವನು ಯಾರ ಹುಡುಗ?"

ಒಬ್ಬರೂ ನಮ್ಮವನು ಎನ್ನಲಿಲ್ಲ ಅಕ್ಕ. ಪೊಲೀಸರು ಮನೆಗೆ ಬಂದ ದಿನವೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ಮೇಡಂ ಹಾಜರಿ ಪುಸ್ತಕ ತೆರೆದು, "ಇದರಲ್ಲಿ ದಿನಾ ಪಾಠ ಆಗಿದೆಯಲ್ಲ. ಯಾರು ಮಾಡಿದ್ದು?" ಎಂದು ನನ್ನನ್ನು ಕೇಳಿದರು. ದೊಡ್ಡ ಸರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸಂಜೆ ಅವರ ಜೊತೆಗೇ ವಾಪಸ್ ಹೋಗಬೇಕು. "ಯಾರೂ ಮಾಡ್ಲಿಲ್ಲ ಮೇಡಂ" ಎಂದೆ. ಒಂದು ನಿಜ ಬಾಯಿಂದ ಹೊರಗೆ ಬಿದ್ದ ಮೇಲೆ ಇನ್ನೊಂದನ್ನು ಹಿಡಿಯಲು ಆಗಲಿಲ್ಲ. ದೂಡಿದ್ದು ಉಜ್ವಲ್ ಎಂದೂ, ನೀಲಿ ಕೊಡೆಯ ಮಾತನ್ನೂ ಹೇಳಿದೆ.

"ಇವನನ್ನು ಕೂಡಿ ಹಾಕಿದ್ದು ಸರ್ಕಾರ. ಅಂದ ಮೇಲೆ ಈಗ ಇವನ ಮನೆಯವರು ನೀವೇ ಎಲ್ಲ. ಮನೆಯವರು ಮಗುವನ್ನು ಶಾಲೆಗೆ ಕಳಿಸ್ಬೇಕು, ಬೇರೆಯವರ ಮನೆ ತೋರಿಸುದಲ್ಲ" ಎಂದು ಮೇಡಂ ಆರ್ಡರ್ ಬರೆದರು. ಉಜ್ವಲ್, ಮನ್ವಿತ್ ಇಬ್ಬರನ್ನೂ ಮತ್ತೆ ಹಿಡಿಯಲು ಪೊಲೀಸರಿಗೆ ಹೇಳಿದ್ದಾರೆ. ಮನ್ವಿತ್ ಸಿಕ್ಕಿದ್ದಾನೆ, ಉಜ್ವಲ್ ಸಿಕ್ಕಿಲ್ಲ. ಟಿ.ಸಿ. ರದ್ದಾಗಿ ನನ್ನ ಹೆಸರು ಶಾಲೆಗೆ ವಾಪಸ್ ಬಂತು. ಈಗ ಒಬ್ಬರು ಟೀಚರ್ ದಿನಾ ಬರುತ್ತಾರೆ, ಕಪಾಟಿನ ಬೀಗ ತೆಗೆದಿದ್ದಾರೆ. ದೊಡ್ಡ ಸರ್ ನನ್ನ ಹತ್ತಿರ ಮಾತಾಡುವುದಿಲ್ಲ, ಅಷ್ಟೇ.

ಹಾಲ್ ಟಿಕೆಟ್ ಬಂದಿದೆ. ಬೆಳ್ತಂಗಡಿ, ಬಂಟ್ವಾಳದ ಕಡೆ ನನ್ನ ಗುರುತು ಸಿಗುತ್ತದೆ, ಯಾರಿಗೂ ಪರಿಚಯ ಇಲ್ಲದ ಕಡೆ ಕೂರಿಸಿ ಎಂದು ಮೇಡಂ ಬರೆದಿದ್ದರು. ಅದಕ್ಕೆ ಮೂಡುಬಿದಿರೆ ಕಡೆ ಹಾಕಿದ್ದಾರೆ. ಪರೀಕ್ಷಾ ಕೇಂದ್ರ ಯಾವುದು ಎಂದು ಎರಡು ಸಲ ಓದಿದೆ. ನಿನ್ನ ಶಾಲೆ.

ಬದಲಾಯಿಸಲು ಹೇಳಿದರೆ ಮತ್ತೆ ತಡವಾಗಿ ಹಾಲ್ ಟಿಕೆಟ್ಟೇ ಹೋದೀತು ಎಂದು ಬಾಯಿ ಮುಚ್ಚಿದ್ದೇನೆ. ನೀನು ಹೆದರಬೇಡ. ಮಫ್ತಿಯವರೊಬ್ಬರ ಜೊತೆ ಬರುತ್ತೇನೆ. ನಾನು ನಿನ್ನ ಕಡೆ ನೋಡುವುದಿಲ್ಲ. ನೀನು ಎದುರಿಗೆ ಬಂದರೂ, ಬಾಯಿತಪ್ಪಿ ಕರೆದರೂ ತಲೆ ಎತ್ತುವುದಿಲ್ಲ. ಮಾತು ಕೊಡುತ್ತೇನೆ.

ನಿತೇಶ್

•

ಪುತ್ತಿಗೆ
18 ಮಾರ್ಚ್ 2025

ಪ್ರೀತಿಯ ನಿತ್ತು,

ಮಂಡಳಿಯ ದಿನ ನಾನು ಬಂದಿದ್ದೆ. ಹೊರಗಿನ ಬೆಂಚಿನಲ್ಲಿ ನಮ್ಮ ಶಾಲೆಯ ಮಗುವೊಂದರ ತಂದೆ ಬೇರೆ ಯಾವುದೋ ಕೆಲಸಕ್ಕೆ ಬಂದು ಕೂತಿದ್ದರು. ಅವರನ್ನು ಕಂಡದ್ದೇ ಮೆಟ್ಟಿಲಿನಿಂದ ವಾಪಸ್ ಇಳಿದೆ. ರಸ್ತೆಯಾಚೆ ಜ್ಯೂಸ್ ಅಂಗಡಿಯ ಹಿಂದೆ ನಿಂತು, ನಿನ್ನನ್ನು ಜೀಪಿಗೆ ಹತ್ತಿಸುವುದನ್ನು ನೋಡಿದೆ. ನೀನು ಎಷ್ಟು ಸಪೂರ ಆಗಿದ್ದೀಯ. ಅಷ್ಟು ಸಣ್ಣ ಹುಡುಗ ಒಳಗೆ ನಿಂತು ನಿಜ ಹೇಳುವಾಗ ಇಷ್ಟು ದೊಡ್ಡ ಅಕ್ಕ ಅಂಗಡಿಯ ಹಿಂದೆ ಅಡಗಿದ್ದಳು. ನನಗೆ ನಾಚಿಕೆಯಾಗುತ್ತದೆ.

ನಿನ್ನೆ ಶಾಲೆಯಲ್ಲಿ ಪರೀಕ್ಷಾ ಕೆಲಸದ ಸಭೆ ಆಯಿತು. ಕೊಠಡಿಗೆ ಬೇರೆ ಶಾಲೆಯವರು ಬರುತ್ತಾರೆ, ನಮಗೆ ನೀರು, ಬೆಲ್ಲು, ಬ್ಯಾಗು ಇಡಿಸುವ ಕೆಲಸ. ಎಲ್ಲರೂ ಒಂದು ಹಾಳೆಗೆ ಸಹಿ ಹಾಕಬೇಕು. ‘ನನ್ನ ಮಕ್ಕಳಾಗಲಿ, ಒಡಹುಟ್ಟಿದವರಾಗಲಿ, ಹತ್ತಿರದ ಸಂಬಂಧಿಕರಾಗಲಿ ಈ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತಿಲ್ಲ.’ ಹಾಳೆ ಕೈಯಿಂದ ಕೈಗೆ ಬರುತ್ತಿತ್ತು. ಸಹಿ ಹಾಕಿದರೆ ನಾನು ಒಳಗೆ, ನಿನ್ನ ಕೊಠಡಿಯ ಜಗಲಿಯಲ್ಲೇ ನೀರು ಹಿಡಿದು ನಿಲ್ಲಬಹುದಿತ್ತು. ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ನೀನು ತಲೆಯನ್ನೂ ಎತ್ತುತ್ತಿರಲಿಲ್ಲ.

ಒಮ್ಮೆ ಒಂದು ಅರ್ಜಿಯಲ್ಲಿ ಸುಳ್ಳು ಬರೆದು ನಿನ್ನ ಹೆಸರು ತೆಗೆಸಿದವಳು ನಾನು. ಈ ಹಾಳೆಗೂ ಸಹಿ ಹಾಕಿದರೆ ನೀನು ನನ್ನ ತಮ್ಮನೇ ಅಲ್ಲ ಎಂದು ಬರೆದುಕೊಟ್ಟ ಹಾಗೆ. ಎದ್ದು ನಿಂತೆ. "ನನ್ನ ತಮ್ಮ ಬರೀತಾನೆ ಸರ್. ಬಿ.ಸಿ.ರೋಡಿನ ವೀಕ್ಷಣಾಲಯದಿಂದ ಬರ್ತಾನೆ" ಎಂದೆ. ಸಹಿ ಹಾಕದೆ ಹಾಳೆಯನ್ನು ಮುಂದಿನವರಿಗೆ ದಾಟಿಸಿದೆ. ಹೆಡ್‌ಮಾಸ್ಟರರು ನನ್ನ ಕಡೆ ತಿರುಗಿ, "ಹಾಗಾದ್ರೆ ಪರೀಕ್ಷೆ ಮುಗಿಯುವವರೆಗೆ ನೀವು ಶಾಲೆಯ ಒಳಗೆ ಬರುವ ಹಾಗಿಲ್ಲ" ಎಂದರು. ಜೂನಿನಲ್ಲಿ ಮತ್ತೆ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಜೆ ಶಶಿಪ್ರಭಾ ಅಮ್ಮನಿಗೂ ನಾನೇ ಹೇಳಿದೆ. ಅವರು ಎದ್ದು ಒಳಗೆ ಹೋದರು. ಹೆದರಿಕೆ ಹೋಗಲಿಲ್ಲ ನಿತ್ತು.

ಶುಕ್ರವಾರ ಗೇಟಿನ ಹೊರಗೆ ಬೇರೆ ಮಕ್ಕಳ ಮನೆಯವರ ಜೊತೆ ನಿಂತಿರುತ್ತೇನೆ. ನೀಲಿ ಕೊಡೆ ಹಿಡಿದೇ ಬರುತ್ತೇನೆ. ನಿನ್ನ ಮಾತನ್ನು ವಾಪಸ್ ತೆಗೆದುಕೋ. ನಾನು ಕರೆಯುತ್ತೇನೆ, ನೀನು ನೋಡು.

ಇನ್ನು ಮುಂದೆ ಲಕೋಟೆಯ ಮೇಲೆ ‘ಇಂದ’ ಪೂರ್ತಿ ಬರೆ.

ನಿನ್ನ ಅಕ್ಕ

•

ಇಂದ:
ನಿತೇಶ್, ಹತ್ತನೇ ತರಗತಿ
ವೀಕ್ಷಣಾಲಯ, ಬಿ.ಸಿ.ರೋಡ್
ಬಂಟ್ವಾಳ ತಾಲೂಕು

21 ಮಾರ್ಚ್ 2025, ಸಂಜೆ

ಅಕ್ಕ,

ನಿನ್ನ ಕಾಗದ ಈಗ ಕೊಟ್ಟರು. ನಿನ್ನೆಯೇ ಬಂದಿತ್ತಂತೆ, ಓದಿ ನೋಡಲು ದೊಡ್ಡ ಸರ್‌ಗೆ ಸಮಯ ಸಿಗಲಿಲ್ಲವಂತೆ.

ಬೆಳಿಗ್ಗೆ ಜೀಪಿನಿಂದ ಇಳಿಯುವಾಗಲೇ ನೀಲಿ ಕೊಡೆ ಕಂಡಿತು. "ನಿತ್ತೂ" ಎಂದು ನೀನು ಎಲ್ಲರ ಎದುರು ಎರಡು ಸಲ ಕರೆದದ್ದು ಕೇಳಿತು. ಯಾರೋ ತಿರುಗಿ ನೋಡಿದರು. ಅಕ್ಕನಿಗೆ ಬಾಯಿತಪ್ಪಿತು, ಈಗ ಅವಳ ಕೆಲಸ ಹೋಯಿತು ಎಂದುಕೊಂಡೆ. ಕೊಟ್ಟ ಮಾತು ನೆನಪಿಟ್ಟುಕೊಂಡು, ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಗೇಟು ದಾಟಿದೆ. ಮಫ್ತಿಯವರು, "ನಿನ್ನನ್ನು ಅಲ್ವಾ ಕರಿಯುದು?" ಎಂದರು. ನನಗೆ ಇಲ್ಲಿ ಯಾರೂ ಇಲ್ಲ ಸರ್ ಎಂದೆ. ಜೋರಾಗಿಯೇ ಹೇಳಿದೆ, ನಿನಗೆ ಕೇಳಲಿ, ಸಮಾಧಾನ ಆಗಲಿ ಎಂದು.

ನಿನಗೆ ಕೇಳಿತಾ ಅಕ್ಕ?

ಕಾಗದ ಓದಿದಾಗಿನಿಂದ ಅದೇ ಒಂದು ಮಾತು ಕಿವಿಯಲ್ಲಿ ಕೂತಿದೆ. ಕನ್ನಡ ಚೆನ್ನಾಗಿ ಬರೆದಿದ್ದೇನೆ. ಸೋಮವಾರ ಗಣಿತ. ಇದು ಅದರೊಳಗೆ ನಿನಗೆ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ, ನೀನು ಮತ್ತೆ ಬರುತ್ತೀಯೋ ಇಲ್ಲವೋ ಅದೂ ಗೊತ್ತಿಲ್ಲ. ಮುಟ್ಟದಿದ್ದರೂ ಬಾ. ಗೇಟಿನ ಎಡಗಡೆ, ಇವತ್ತು ನಿಂತಲ್ಲೇ ನಿಲ್ಲು. ನೀನು ಕರೆಯುವುದು ಬೇಡ, ಈ ಸಲ ನಾನೇ ಕರೆಯುತ್ತೇನೆ.

ನಿನ್ನ ತಮ್ಮ
ನಿತೇಶ್